ಮೂರನೆಯ ಕೂಗು

ಮಾನ್ಯ ಓದುಗರಲ್ಲಿ,

ಮೊಟ್ಟಮೊದಲನೆಯದಾಗಿ, ಈ ಬರಹದಲ್ಲಿರಬಹುದಾದ ಅಕ್ಷರದೋಷಗಳನ್ನೂ ಕೈಬರಹದ ಅಂದಗೇಡನ್ನೂ ತಾವು ದೊಡ್ಡ ಮನಸ್ಸಿನಿಂದ ಮನ್ನಿಸಬೇಕಾಗಿ ವಿನಂತಿಸುತ್ತೇನೆ. ನಾನು ನರಸಿಂಹರಾಜಪುರದ ಒಂದು ಕಛೇರಿಯಲ್ಲಿ ಬೆರಳಚ್ಚುಗಾರ್ತಿ. ವರ್ಷಗಳಿಂದ ನನ್ನ ಕೈ ಲೇಖನಿ ಹಿಡಿದು ಬರೆದದ್ದೆಂದರೆ ಹಾಜರಿ ಪುಸ್ತಕದಲ್ಲಿ ನನ್ನ ಸಹಿ ಮಾತ್ರ. ಉಳಿದುದನ್ನೆಲ್ಲ ಯಂತ್ರ ಬರೆಯುತ್ತದೆ. ನಮ್ಮ ಯಂತ್ರಕ್ಕೆ ಕೆಲವು ಒತ್ತಕ್ಷರಗಳು ಬಾರವು; ಅದರ ಸಹವಾಸದಿಂದ ನನಗೂ ಅವು ಮರೆತಿವೆ. ಇದಲ್ಲದೆ, ಇದುವರೆಗೆ ಸ್ವಂತವಾಗಿ ನಾನು ಒಂದು ವಾಕ್ಯವನ್ನೂ ರಚಿಸಿದವಳಲ್ಲ. ಇತರರು ಬರೆದುಕೊಟ್ಟದ್ದನ್ನು ಚಾಚೂ ತಪ್ಪದೆ ಅಚ್ಚುಮಾಡಿದವಳು. ಆದುದರಿಂದ ಇಲ್ಲಿ ಅಲ್ಲಲ್ಲಿ 'ಸದರಿ', 'ಮೇಲ್ಕಂಡ' ಮುಂತಾದವು ಕಾಣಿಸಿಕೊಂಡಲ್ಲಿ, ಅವು ನನ್ನ ಹಿತ್ತಿಲಿನ ಬೆಳೆಯಲ್ಲ, ಕಛೇರಿಯಿಂದ ಬರುವಾಗ ಸೀರೆಯ ಅಂಚಿಗೆ ಅಂಟಿಕೊಂಡು ಬಂದ ಹುಲ್ಲಿನ ಬೀಜಗಳು ಎಂದು ಭಾವಿಸಿ ಕಿತ್ತುಹಾಕಬೇಕು.

ವಿಷಯ: ಮುಸ್ಸಂಜೆ ಹೊತ್ತಿನಲ್ಲಿ ಯಾರಾದರೂ ಕೂಗಿದರೆ ನಾನು ಕೂಡಲೇ ಓಗೊಡದೆ ಇರುವ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ: ನಮ್ಮ ಕಛೇರಿಯಲ್ಲಿ ನನಗೆ ಸ್ವಲ್ಪ ಅಹಂಕಾರದವಳೆಂಬ ಹೆಸರಿದೆ. ಹಗಲಿನಲ್ಲಿ ಈ ದೂರು ಇಲ್ಲ. ಹಗಲು ಯಾರು ಕರೆದರೂ 'ಬಂದೆ ಸಾರ್' ಎಂದು ಕುರ್ಚಿಗಿಂತ ಮೊದಲು ನಾನೇ ಎದ್ದಿರುತ್ತೇನೆ. ವರ್ಷದ ಕೊನೆಯ ತಿಂಗಳಿನಲ್ಲಿ ಕೆಲಸ ಹೆಚ್ಚಾಗಿ ಸಂಜೆಯ ಮೇಲೂ ಕೂರಬೇಕಾಗಿ ಬಂದಾಗ ಮಾತ್ರ ತೊಡಕು. ದೀಪ ಹಾಕುವ ಹೊತ್ತಿನಲ್ಲಿ ಒಳಕೋಣೆಯಿಂದ ಸಾಹೇಬರು ಒಮ್ಮೆ ಹೆಸರು ಹಿಡಿದು ಕೂಗುತ್ತಾರೆ. ನನಗೆ ಚೆನ್ನಾಗಿ ಕೇಳಿಸುತ್ತದೆ. ನಾನು ಏಳುವುದಿಲ್ಲ. ಎರಡನೆಯ ಸಲ ಕೂಗುತ್ತಾರೆ. ಕೈ ಮೇಜಿನ ಅಂಚು ಹಿಡಿಯುತ್ತದೆ, ಆಗಲೂ ಏಳುವುದಿಲ್ಲ. ಮೂರನೆಯ ಸಲ ಗೋಡೆ ಅದುರುವಂತೆ ಕೂಗಿದಾಗ 'ಆಂ, ಬಂದೆ' ಎನ್ನುತ್ತೇನೆ. ಇದು ಉದ್ದೇಶಪೂರ್ವಕವಾದ ಅವಿಧೇಯತೆಯಲ್ಲವೆಂದು ಈ ಮೂಲಕ ದೃಢೀಕರಿಸುತ್ತೇನೆ. ಸಂಜೆಯ ಕೂಗಿಗೆ ಮೂರನೆಯ ಸಲಕ್ಕೆ ಓಗೊಡುವಂತೆ ನನ್ನನ್ನು ಬೆಳೆಸಿದವಳು ನನ್ನ ಸೋದರತ್ತೆ, ಗೌರತ್ತೆ. ಅವಳು ಹೇಳಿದ ಕಾರಣ ಬಹಳ ಸರಳ. ಸಂಜೆಯ ಮೇಲೆ ಭೂತಗಳು ನಮಗೆ ಗುರುತಿದ್ದವರ ದನಿಯಲ್ಲಿಯೇ ಕೂಗುತ್ತವೆ. ಓಗೊಟ್ಟವರು ಅವುಗಳ ಹಿಂದೆ ಹೋಗಬೇಕಾಗುತ್ತದೆ. ಆದರೆ ಎಂಥ ಭೂತಕ್ಕೂ ಮೂರು ಸಲ ಕೂಗುವಷ್ಟು ತಾಳ್ಮೆ ಇರುವುದಿಲ್ಲ.

ಇದನ್ನು ಸಾಹೇಬರಿಗೆ ವಿವರಿಸುವ ಧೈರ್ಯ ನನಗೆ ಬಂದಿಲ್ಲ. ವಿವರಿಸಿದರೆ ಅವರ ದನಿಯನ್ನು ನಾನು ಯಾವುದರ ದನಿಯೆಂದು ಶಂಕಿಸುತ್ತಿದ್ದೆನೆಂಬ ಪ್ರಶ್ನೆ ಉದ್ಭವಿಸುತ್ತದೆ.

ನನ್ನ ಊರು ಕೊಪ್ಪ. ಊರಿನ ಚರಿತ್ರೆಯನ್ನು ತಿಳಿಯಬೇಕೆಂದು ನಾನು ಒಂದು ಕಾಲಕ್ಕೆ ಹಳೆಯ ಕಡತಗಳನ್ನು ಆಸೆಯಿಂದ ನೋಡಿದ್ದುಂಟು. ಮೂಡಲಿಗೆ ಹಳ್ಳ, ಪಡುವಲಿಗೆ ಇಂಥವರ ಗದ್ದೆ, ತೆಂಕಲಿಗೆ ಗುಡ್ಡ ಎಂಬುದನ್ನು ಬಿಟ್ಟರೆ ಅವುಗಳಲ್ಲಿ ಮನುಷ್ಯರ ಸುಳಿವಿರಲಿಲ್ಲ. ನಮ್ಮೂರಿನ ನಿಜವಾದ ಚರಿತ್ರೆ ಇರುವುದು ಗಂಟಲಿನಲ್ಲಿ ಎಂದು ನನಗೆ ಆಮೇಲೆ ತಿಳಿಯಿತು. ತಾವು ನೀರು ಕುಡಿಯಲು ಎರಡು ಕೈ ಸೇರಿಸಿ ಬೊಗಸೆ ಮಾಡಿರೆಂದು ಇಟ್ಟುಕೊಳ್ಳಿ. ಅಂಗೈಯೆಲ್ಲ ಗದ್ದೆಬಯಲು. ಮಣಿಕಟ್ಟಿನ ಹತ್ತಿರ ಪೇಟೆಯ ಕೆಳಬೀದಿ. ಎಡಗೈಯ ಹೆಬ್ಬೆರಳಿನ ಬುಡದಲ್ಲಿ ನಮ್ಮ ಮನೆ. ಬಲಗೈಯ ಹೆಬ್ಬೆರಳಿನ ಬುಡದಲ್ಲಿ ಚಿಕ್ಕಪ್ಪನ ಮನೆ. ನಡುವೆ ಗದ್ದೆಯಂಚಿನ ಮೇಲೆ ಇಳಿದು ಹತ್ತಿ ಹೋಗಬೇಕೆಂದರೆ ಒಂದು ಅಡಕೆ ಬಾಯಲ್ಲಿಟ್ಟು ಅದು ಮೆತ್ತಗಾಗುವಷ್ಟು ಹೊತ್ತು. ಕೂಗಬೇಕೆಂದರೆ ಒಂದು ಉಸಿರು.

ನಮ್ಮ ಕಡೆಯ ಹಿರಿಯರು ಭೂಮಿಯನ್ನು ಅಳೆದದ್ದು ಬಿತ್ತುವ ಬೀಜದಿಂದ: ಇಷ್ಟು ಖಂಡುಗದ ಗದ್ದೆ ಎಂದು. ಹಗ್ಗವನ್ನು ಅಳೆದದ್ದು ತೋಳಿನಿಂದ: ಇಷ್ಟು ಮಾರು ಎಂದು. ದೂರವನ್ನು ಅಳೆದದ್ದು ದನಿಯಿಂದ. ಕೂಗಳತೆ ಎಂಬ ಮಾತು ತಮಗೂ ಗೊತ್ತಿದೆ. ತಮ್ಮಲ್ಲಿ ಅದೊಂದು ನುಡಿಗಟ್ಟು ಇರಬಹುದು. ನಮ್ಮಲ್ಲಿ ಅದು ಮಾಪನ. ಹೊಸ ಮನೆಗೆ ಪಾಯ ತೋಡುವ ಮೊದಲು ಎದುರು ಗುಡ್ಡದಲ್ಲಿ ಒಬ್ಬನನ್ನು ನಿಲ್ಲಿಸಿ ಕೂಗಿಸುತ್ತಿದ್ದರಂತೆ. ಕೂಗು ಕೇಳಿದರೆ ಅಲ್ಲಿ ಗುದ್ದಲಿ, ಕೇಳದಿದ್ದರೆ ಹತ್ತು ಹೆಜ್ಜೆ ಈಚೆಗೆ. ನೆರೆಮನೆಯ ದನಿ ತಾಗದ ಜಾಗದಲ್ಲಿ ಸಂಸಾರ ಹೂಡಬಾರದೆಂಬುದು ಅವರ ಕಾನೂನು. ಒಮ್ಮೆ ಸರ್ವೆಗೆ ಬಂದ ಬಯಲುಸೀಮೆಯ ಅಧಿಕಾರಿಯೊಬ್ಬರು ನಮ್ಮ ಅಪ್ಪನಲ್ಲಿ, ಮುಂದಿನ ಮನೆ ಎಷ್ಟು ದೂರವೆಂದು ವಿಚಾರಿಸಿದರು. ಅಪ್ಪ ಬಹಳ ಯೋಚಿಸಿ, 'ಮಳೆಗಾಲಕ್ಕಾದ್ರೆ ಎರಡು ಕೂಗು, ಚಳಿಗಾಲದ ಬೆಳಗ್ಗೆ ಒಂದೇ ಸಾಕು ಸ್ವಾಮಿ' ಎಂದ. ಸದರಿ ಅಧಿಕಾರಿಗಳು ಋತುವಿಗೆ ತಕ್ಕಂತೆ ಉದ್ದವಾಗಿ ಗಿಡ್ಡವಾಗುವ ದಾರಿಯನ್ನು ಅದಕ್ಕೆ ಮೊದಲು ಕಂಡಿರಲಿಲ್ಲ. ಅವರು ಬಿಸಿಲಿನಲ್ಲಿ ನಡೆದೇ ಹೋದರು.

ಕೂಗಿಗೂ ವ್ಯಾಕರಣವಿತ್ತು. ಉದ್ದನೆಯ ಒಂದು ಕೂ ಎಂದರೆ ಊಟಕ್ಕಾಯಿತು, ಬನ್ನಿ. ಗಿಡ್ಡನೆಯ ಎರಡು ಕೂ ಎಂದರೆ ನೆಂಟರು ಬಂದಿದ್ದಾರೆ, ಹಾಲು ಮಿಕ್ಕಿದ್ದರೆ ಕಳಿಸಿ. ಕಡಿದು ಕಡಿದು ಕೂಗಿದರೆ ನಿಮ್ಮ ದನ ನಮ್ಮ ಗದ್ದೆಯಲ್ಲಿದೆ. ಮನೆಮನೆಗೂ ಕೂಗಿನ ತುದಿಯಲ್ಲಿ ಅದರದೇ ಒಂದು ಕೊಂಕು. ಗೌರತ್ತೆಯ ಕೂಗು ಉದ್ದಕ್ಕೆ ಹೋಗಿ, ಮುಗಿಯಿತು ಎನ್ನುವಾಗ ಹಾರುವ ಹಕ್ಕಿ ಕೊಂಬೆ ಬದಲಿಸಿದ ಹಾಗೆ ಒಂದು ಸಣ್ಣ ನೆಗೆತ ನೆಗೆದು ನಿಲ್ಲುತ್ತಿತ್ತು. ಇವೆಲ್ಲಕ್ಕಿಂತ ಮುಖ್ಯವಾದ ನಿಯಮವೇನೆಂದರೆ, ಕೂಗಿದವರಿಗೆ ಮರುಕೂಗು ಸಲ್ಲಲೇಬೇಕು. ಕೆಲಸವಿದ್ದರೆ ಆಮೇಲೆ ಬನ್ನಿ, ಬರದಿದ್ದರೂ ಸರಿ. ಆದರೆ ಕೇಳಿಸಿತು ಎಂಬ ಸ್ವೀಕೃತಿಯನ್ನು ಕೊಡಬೇಕು. ಹಗಲಿನ ಕೂಗಿಗೆ ಓಗೊಡದೆ ಇರುವುದು ಬೈಗುಳಕ್ಕಿಂತ ಕೆಟ್ಟದ್ದು.

ಚಿಕ್ಕಪ್ಪ ಓಗೊಡುವುದನ್ನು ನಿಲ್ಲಿಸಿದ್ದು ಹೇಗೆಂಬುದನ್ನು ಈಗ ನಿವೇದಿಸಬೇಕು.

ಅಪ್ಪನಿಗಿಂತ ದೊಡ್ಡವಳು ಗೌರತ್ತೆ. ಚಿಕ್ಕಪ್ಪ ಎಲ್ಲರಿಗಿಂತ ಚಿಕ್ಕವನು. ಮದುವೆಯಾದ ಸ್ವಲ್ಪ ಕಾಲದಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಅತ್ತೆ ನಮ್ಮ ಮನೆಯಲ್ಲಿಯೇ ಉಳಿದಳು. ಚಿಕ್ಕಪ್ಪ ಪಾಲಾಗಿ ಎದುರು ಗುಡ್ಡದಲ್ಲಿ ಮನೆ ಕಟ್ಟಿದ. ಅವನ ಹೆಂಡತಿ ವಿಮಲೆಯನ್ನು ಹೆತ್ತು ಬಾಣಂತನದಲ್ಲಿಯೇ ತೀರಿಕೊಂಡಳು. ಆ ಕೂಸನ್ನು ಬುಟ್ಟಿಯಲ್ಲಿ ಮಲಗಿಸಿಕೊಂಡು ಗದ್ದೆ ದಾಟಿಸಿ ತಂದವಳು ಗೌರತ್ತೆ. ಅಂದಿನಿಂದ ವಿಮಲೆ ನಮ್ಮಲ್ಲಿಯೇ ಬೆಳೆದಳು. ಚಿಕ್ಕಪ್ಪ ದಿನಾ ಬಂದು ನೋಡಿ ಹೋಗುತ್ತಿದ್ದ. ಮಗು ಅವನ ಮುಖ ಕಂಡರೆ ಅತ್ತೆಯ ಸೆರಗಿನ ಹಿಂದೆ ಹೋಗುತ್ತಿತ್ತು. ಶಾಲೆಗೆ ಹೋಗತೊಡಗಿದ ಮೇಲೂ ಹಾಗೆಯೇ. ಒಂದು ದಿನ ಅವನು ಜಗಲಿಯಲ್ಲಿ ಕೂತು, 'ಅಕ್ಕ, ಇವಳು ನನ್ನನ್ನ ನೆಂಟರ ಹಾಗೆ ನೋಡ್ತಾಳೆ. ಇನ್ನು ನಮ್ಮನೇಲೇ ಇರ್ಲಿ' ಎಂದ.

'ನಿಂಗೆ ಅನ್ನ ಬೇಯಿಸ್ಕಣಕ್ಕೇ ಬರಲ್ಲ, ಮಗೂನ ಎಂತ ಸಾಕ್ತಿಯ?' ಎಂದಳು ಅತ್ತೆ.

'ಬೆಂದಷ್ಟು ಉಣ್ತೀವಿ. ಅವಳು ನನ್ನ ಮಗಳು.'

'ನಾನೆಂತ ಅಲ್ಲ ಅಂದ್ನಾ?'

'ಬಾಯಲ್ಲಿ ಅನ್ಲಿಲ್ಲ.'

ಇಬ್ಬರ ಮಾತೂ ನ್ಯಾಯವಾಗಿಯೇ ಇತ್ತು. ಜಗಳ ಬಗೆಹರಿಯದಿರಲು ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ. ವಿಮಲೆ ಚೀಲ ಹಿಡಿದು ಅಪ್ಪನ ಹಿಂದೆ ಗದ್ದೆಯಂಚಿನಲ್ಲಿ ಹೋದಳು. ಮರುದಿನ ಬೆಳಗ್ಗೆ ಹಾಲು ಕರೆದಾದ ಮೇಲೆ ಅತ್ತೆ ಅಂಗಳದ ತುದಿಗೆ ಹೋಗಿ ಕೂ ಹಾಕಿದಳು. ಆಚೆ ಗುಡ್ಡದಿಂದ ಅದೇ ನೆಗೆತದ, ಆದರೆ ಎಳೆಯದಾದ ಮರುಕೂಗು ಬಂತು. ಕೆಲವು ದಿನ ಹೀಗೆ ನಡೆಯಿತು. ಬೆಳಗ್ಗೆಯ ಮರುಕೂಗು ಬಂದ ಮೇಲೆ ಮಗು ಇಡೀ ಹೊತ್ತು ಈಚೆಗೇ ನೋಡಿಕೊಂಡು ಕೂರುತ್ತಿತ್ತೆಂದು ಕಾಣುತ್ತದೆ. ಚಿಕ್ಕಪ್ಪ ಓಗೊಡಬೇಡ ಎಂದ. ಮಾರನೆಯ ದಿನದಿಂದ ಅತ್ತೆಯ ಕೂಗು ಎದುರು ಗುಡ್ಡಕ್ಕೆ ತಾಗಿ ಬರಿಗೈಯಲ್ಲಿ ವಾಪಸಾಗತೊಡಗಿತು. ಆದರೂ ಅವಳು ಬಿಡಲಿಲ್ಲ. ದಿನಾ ಒಂದು ಕೂಗು. ಸ್ವಲ್ಪ ಹೊತ್ತು ಕಿವಿಗೊಟ್ಟು ನಿಲ್ಲುವುದು. ಆಮೇಲೆ ಬಿಂದಿಗೆ ಎತ್ತಿಕೊಂಡು ಒಳಗೆ ಬರುವುದು. ಮುಂದೆ ಚಿಕ್ಕಪ್ಪನಿಗೆ ಬಸರೀಕಟ್ಟೆಯ ಕಡೆ ಒಂದು ಕಾಫಿ ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ ಕೆಲಸವಾಯಿತು. ಮಗಳನ್ನು ಕರೆದುಕೊಂಡು, ಮನೆಗೆ ಬೀಗ ಹಾಕಿ, ತೋಟದ ಜೀಪಿನಲ್ಲಿ ಹೋದ. ಬಸರೀಕಟ್ಟೆ ಯಾವ ಗಂಟಲಿನ ಅಳತೆಗೂ ಸಿಕ್ಕುವ ದೂರವಲ್ಲ. ಗೌರತ್ತೆ ಬೆಳಗಿನ ಕೂಗನ್ನು ನಿಲ್ಲಿಸಿದಳು. ಅಂಗಳದ ತುದಿಯಲ್ಲಿ ನಿಲ್ಲುವುದನ್ನು ಮಾತ್ರ ನಿಲ್ಲಿಸಲಿಲ್ಲ.

ಕೆಲವು ವರ್ಷಗಳ ನಂತರ ಕೆಳಬೀದಿಯ ಕೊನೆಯಲ್ಲಿದ್ದ ಹಸನ್ ಸಾಬ್ರ ದಿನಸಿ ಅಂಗಡಿಗೆ ಟೆಲಿಫೋನು ಬಂದಿತು. ಸಾಬ್ರೆಂದರೆ ಉಪ್ಪಿನಿಂದ ಕೊಡೆಯ ಕಡ್ಡಿಯವರೆಗೆ ಎಲ್ಲವನ್ನೂ ಇಟ್ಟವರು. ಎದೆ ತುಂಬ ಬಿಳಿಗಡ್ಡ, ಆ ಎದೆಯಿಂದ ಹೊರಡುವ ದನಿ ಗದ್ದೆಬಯಲಿನ ಆಚೆಗೂ ತಲುಪುವಂಥದ್ದು. ಟೆಲಿಫೋನು ಅವರಿಗೆ ಬಂದದ್ದು ಯೋಗ್ಯವಾಗಿಯೇ ಇತ್ತು. ಏಕೆಂದರೆ ಆ ಯಂತ್ರ ಸುದ್ದಿಯನ್ನು ಪೇಟೆಯ ತನಕ ತರಬಲ್ಲುದಾಗಿತ್ತೇ ಹೊರತು ಮನೆಗೆ ಮುಟ್ಟಿಸಲಾರದು. ಶೃಂಗೇರಿಯಿಂದಲೋ ನರಸಿಂಹರಾಜಪುರದಿಂದಲೋ ಅಂಗಡಿಯ ತನಕ ತಂತಿ. ಅಲ್ಲಿಂದ ನಮ್ಮ ಮನೆಗಳಿಗೆ ಸಾಬ್ರ ಗಂಟಲು. ಅವರು ಗಲ್ಲಾ ಬಿಟ್ಟೆದ್ದು, ಅಂಗಡಿಯ ಹಿಂಬಾಗಿಲಿನಲ್ಲಿ ನಿಂತು, ಗದ್ದೆಯ ಕಡೆ ಮುಖ ಮಾಡಿ ಇಂಥವರಿಗೆ ಫೋನು ಎಂದು ಕೂಗುತ್ತಿದ್ದರು. ಮರುಕೂಗು ಬಂದರೆ 'ಬರ್ತಾ ಇದಾರೆ, ಇಟ್ಟು ಆಮೇಲೆ ಮಾಡಿ' ಎಂದು ಯಂತ್ರಕ್ಕೆ ಹೇಳುವುದು. ಬಾರದಿದ್ದರೆ 'ಓಗೊಡ್ಲಿಲ್ಲ' ಎನ್ನುವುದು. ಇನ್ನೊಂದು ಸಂಗತಿಯನ್ನೂ ತಮ್ಮ ಗಮನಕ್ಕೆ ತರಬೇಕು. ದೂರದ ಊರಿಗೆ ಮಾತಾಡುವಾಗ ನಮ್ಮವರು ದೂರಕ್ಕೆ ತಕ್ಕಷ್ಟು ಜೋರಾಗಿಯೇ ಕೂಗುತ್ತಿದ್ದರು. ತಂತಿಯ ಮೇಲೆ ನಂಬಿಕೆ ಇಲ್ಲದೆ ಅಲ್ಲ. ಅಷ್ಟು ದೂರದವರೊಂದಿಗೆ ಮೆಲ್ಲಗೆ ಮಾತಾಡುವುದು ಮರ್ಯಾದೆಯಲ್ಲವೆಂದು.

ನಾನು ಆಗ ಪೇಟೆಯಲ್ಲಿ ಬೆರಳಚ್ಚು ಕಲಿಯುತ್ತಿದ್ದೆ. ಒಂದು ಬೆಳಗ್ಗೆ ಅಂಗಡಿಯ ಮುಂದೆ ಹೋಗುತ್ತಿದ್ದಾಗ ಸಾಬ್ರು ಬೆಲ್ಲ ಕುಟ್ಟುತ್ತಿದ್ದವರು ಕರೆದರು.

'ಎಂತ ತಂಗಿ, ನಿಮ್ಮತ್ತೆಗೆ ಕಿವಿ ಕೇಳ್ತಿಲ್ವಾ?'

'ಯಾಕೆ ಸಾಬ್ರೇ?'

'ಬಸರೀಕಟ್ಟೆಯಿಂದ ನಿಮ್ಮ ಚಿಕ್ಕಪ್ಪ ಫೋನು ಮಾಡಿದ್ದ. ಮೊನ್ನೆ ಒಂದ್ಸಲ, ನಿನ್ನೆ ಒಂದ್ಸಲ. ಮಗಳ ಮದುವೆಯಂತೆ. ಅಕ್ಕನ ಹತ್ರಾನೇ ಮಾತಾಡ್ಬೇಕು ಅಂದ. ನಾನು ಗಂಟ್ಲು ಹರ್ಕಂಡು ಕೂಗ್ದೆ. ಒಳಗೆ ದೀಪ ಕಾಣ್ತಿತ್ತು. ಓಗೊಡ್ಲಿಲ್ಲ ಮಾರಾಯ್ತಿ.'

ತೋಟದ ಕೆಲಸ ಮುಗಿದು, ಸಾಹುಕಾರರ ಬಂಗಲೆಯ ಫೋನು ರೈಟರಿಗೆ ಸಿಕ್ಕುವುದು ಸಂಜೆ. ಲೈನು ಬಂದು ಅಂಗಡಿಯಲ್ಲಿ ಗಂಟೆ ಬಾರಿಸುವ ಹೊತ್ತಿಗೆ ಸೂರ್ಯ ಮುಳುಗಿರುತ್ತಾನೆ. ಅದು ಗೌರತ್ತೆ ತುಳಸಿಗೆ ದೀಪವಿಡುವ ಹೊತ್ತು. ಅದೇ ಸಾಬ್ರು ಸಂಜೆಯ ನಮಾಜಿಗೆ ಹೊರಡುವ ಹೊತ್ತು. ಅವರು ಒಮ್ಮೆ ಕೂಗಿ, ಮಸೀದಿಗೆ ತಡವಾಗುತ್ತದೆಂದು 'ಓಗೊಡ್ಲಿಲ್ಲಪ್ಪ' ಎಂದು ಫೋನು ಇಟ್ಟು ನಡೆದಿದ್ದರು. ಇವಳು ಒಳಗೆ ದೀಪದ ಮುಂದೆ ಕೂತು, ಸಾಬ್ರ ದನಿಯಲ್ಲಿ ಬಂದಿರುವುದು ಯಾವುದೋ ಏನೋ ಎಂದು ಎರಡನೆಯ ಕೂಗಿಗೆ ಕಾದಿದ್ದಳು. ಇಬ್ಬರದೂ ದೇವರ ಭಯವೇ. ಇಬ್ಬರೂ ತಮ್ಮ ತಮ್ಮ ನಿಯಮವನ್ನು ಲೋಪವಿಲ್ಲದೆ ಪಾಲಿಸಿದ್ದರು. ಬಸರೀಕಟ್ಟೆಯಲ್ಲಿ ಫೋನು ಹಿಡಿದು ನಿಂತವನಿಗೆ ಮಾತ್ರ ತಿಳಿದದ್ದು ಇಷ್ಟೆ: ಅಕ್ಕ ಓಗೊಡಲಿಲ್ಲ. ತಾನು ಮಗಳಿಗೆ ಓಗೊಡಬೇಡ ಎಂದಿದ್ದವನು. ಅದರ ಮರುಪಾವತಿ ಬಂತೆಂದು ಅವನು ತಿಳಿದುಕೊಂಡಿದ್ದರೆ ತಪ್ಪೇನು?

ನಾನು ಸಾಬ್ರಿಗೆ ಮೂರು ಕೂಗಿನ ವಿಷಯ ತಿಳಿಸಿದೆ. ಅವರು ಬೆಲ್ಲದ ಕಲ್ಲನ್ನು ಕೆಳಗಿಟ್ಟರು.

'ಇಷ್ಟು ವರ್ಷ ನಿಮ್ಮನೆಗೆ ಅಕ್ಕಿ ಬೇಳೆ ಕೊಟ್ಟಿದೀನಿ, ನನ್ನನ್ನ ಭೂತ ಅಂದ್ಕಂಡ್ಲಾ ಗೌರಮ್ಮ?'

'ನಿಮ್ಮನ್ನಲ್ಲ ಸಾಬ್ರೇ, ನಿಮ್ಮ ದನಿಯನ್ನ.'

'ಹಾಗಾದ್ರೆ ಸರಿ' ಎಂದು ಅವರು ಸ್ವಲ್ಪ ಯೋಚಿಸಿ, 'ಆದ್ರೆ ತಂಗಿ, ನಾನು ಇಲ್ಲಿ ಮೂರ್ ಮೂರು ಸಲ ಕೂಗ್ತಾ ನಿಂತ್ರೆ, ಅಲ್ಲಿ ಮಸೀದಿಯಲ್ಲಿ ಕೂಗಿದ್ದಕ್ಕೆ ಯಾರು ಹೋಗ್ತಾರೆ?' ಎಂದರು.

ಮನೆಗೆ ಹೋಗಿ ಅತ್ತೆಗೆ ತಿಳಿಸಿದೆ. ವಿಮಲೆಯ ಮದುವೆ ಎಂಬ ಮಾತು ಕೇಳಿ ಅವಳ ಕೈ ಹಿಟ್ಟಿನ ಪಾತ್ರೆಯಲ್ಲಿಯೇ ನಿಂತಿತು. ನಮ್ಮಲ್ಲಿ ಹತ್ತಿರದವರ ಮದುವೆಗೆ ಕಾಗದ ಬಂದರೆ ಕರೆದ ಹಾಗಲ್ಲ. ಮನೆಯವರೇ ಬಂದು ಬಾಯಿಬಿಟ್ಟು ಕರೆಯಬೇಕು. ಕರೆಯದೆ ಹೋಗುವಂತಿಲ್ಲ. ಸಾಕಿದ ಮಗಳ ಮದುವೆಗೂ ಇಲ್ಲ. ಸಾಕಿದ ಮಗಳ ಮದುವೆಗಂತೂ ಇಲ್ಲವೇ ಇಲ್ಲ. ಅಪ್ಪ, 'ಅಕ್ಕ, ನಾಳೆ ನಾವೇ ಫೋನು ಮಾಡೋಣ' ಎಂದ. ಅತ್ತೆ ಹಿಟ್ಟನ್ನು ಬಲವಾಗಿ ನಾದತೊಡಗಿದಳು.

'ಅವನೆಲ್ಲಿ ಕೂಗಿದ? ಕೂಗಿದ್ದು ಸಾಬ್ರು. ನಾನು ಒಂದು ವರ್ಷ ನಿಂತು ಕೂಗಿದೀನಿ ಅಂಗಳದಲ್ಲಿ. ಬೇಕಾದ್ರೆ ಅವನೂ ಬಂದು ಕೂಗ್ಲಿ, ಆ ಗುಡ್ಡದಿಂದ.'

'ಅವನು ಬರ್ದೆ ಇದ್ರೆ?'

'ಮದುವೆ ಆಗುತ್ತೆ. ನಾನಿಲ್ಲ ಅಂತ ಯಾರ ಮದುವೆ ನಿಂತಿದೆ?'

ಆ ವಾರವಿಡೀ ಅವಳು ರುಬ್ಬಿದ್ದು, ಬೀಸಿದ್ದು, ಗುಡಿಸಿದ್ದು ಒಂದೆರಡಲ್ಲ. ಯಾರ ಕಣ್ಣಿಗೂ ಬೀಳದಂತೆ ಪೆಟ್ಟಿಗೆಯಿಂದ ವಿಮಲೆಯ ಸಣ್ಣಂದಿನ ಒಂದು ಲಂಗವನ್ನು ತೆಗೆದು ಬಿಸಿಲಿಗೆ ಹಾಕಿದಳು. ಎಲ್ಲರ ಕಣ್ಣಿಗೂ ಬಿತ್ತು. ಇತ್ತ ಸಾಬ್ರಿಗೆ ಸಮಾಧಾನವಿರಲಿಲ್ಲವೆಂದು ಆಮೇಲೆ ತಿಳಿಯಿತು. ಅವರು ತಮ್ಮ ಸ್ವಂತ ಖರ್ಚಿನಲ್ಲಿ ಬಸರೀಕಟ್ಟೆಗೆ ಫೋನು ಮಾಡಿ, ಇಲ್ಲಿಂದ ಅಲ್ಲಿಗೆ ನೇರವಾಗಿಯೇ ಕೇಳಿಸುವಷ್ಟು ದನಿಯಲ್ಲಿ, 'ನಿಮ್ಮಕ್ಕ ಸಿಟ್ಟಲ್ಲಿ ಸುಮ್ನಿದ್ದಿದ್ದಲ್ಲ ಮಾರಾಯ, ಕತ್ತಲಾಗಿತ್ತು ಅಂತ ಸುಮ್ನಿದ್ದಿದ್ದು. ನೀನೂ ಆ ಮನೇಲೇ ಹುಟ್ಟಿದವನಲ್ವಾ, ಗೊತ್ತಿಲ್ವಾ?' ಎಂದು ಕೇಳಿದರಂತೆ. ಕೆಳಬೀದಿಯವರೆಲ್ಲ ಇದಕ್ಕೆ ಸಾಕ್ಷಿ.

ಭತ್ತ ಕುಯ್ದು ಗದ್ದೆಗಳು ಬೋಳಾಗಿದ್ದ ಕಾಲ. ಅತ್ತೆ ತುಳಸಿಗೆ ದೀಪವಿಟ್ಟು ಕೈಮುಗಿದು ನಿಂತಿದ್ದಳು. ಅಪ್ಪ ಜಗಲಿಯಲ್ಲಿ ಎಲೆಗೆ ಸುಣ್ಣ ಹಚ್ಚುತ್ತಿದ್ದ. ಎದುರು ಗುಡ್ಡದಿಂದ ಒಂದು ಕೂಗು ಬಂತು.

ಗಂಡಸಿನ ಕೂಗು, ಬಳಕೆ ತಪ್ಪಿ ತುಕ್ಕು ಹಿಡಿದ ಕೂಗು. ಅಪ್ಪನ ಬೆರಳು ಎಲೆಯ ಮೇಲೆಯೇ ನಿಂತಿತು. ನಾನು ಬಾಗಿಲಿಗೆ ಬಂದೆ. ಅತ್ತೆ ಅಲುಗಲಿಲ್ಲ. ದೀಪದ ಬತ್ತಿಯನ್ನು ಸ್ವಲ್ಪ ಮುಂದಕ್ಕೆ ನೂಕಿದಳು.

ಎರಡನೆಯ ಕೂಗು ಬಂತು. ಮೊದಲಿನದಕ್ಕಿಂತ ಸ್ವಲ್ಪ ತೆಳ್ಳಗೆ, ಕೊನೆಯಲ್ಲಿ ಮುರಿದ ಹಾಗೆ. ಅತ್ತೆ ಗುಡ್ಡದ ಕಡೆ ತಿರುಗಿದಳು. ತುಟಿಯನ್ನು ಬಿಗಿಯಾಗಿ ಒತ್ತಿಕೊಂಡಿದ್ದಳು. ಅಪ್ಪ ಬಹಳ ಮೆಲ್ಲಗೆ, 'ಅಕ್ಕ' ಎಂದ. ಅವಳು ಕೈ ಎತ್ತಿ ಸುಮ್ಮನಿರುವಂತೆ ಸನ್ನೆ ಮಾಡಿದಳು.

ಆಮೇಲೆ ಏನೂ ಇಲ್ಲ. ಕೊಟ್ಟಿಗೆಯಲ್ಲಿ ದನದ ಕೊರಳ ಗಂಟೆ ಅಲುಗಿದ್ದು ಕೇಳಿಸಿತು. ಪೇಟೆಯ ಕಡೆಯಿಂದ ಬಾಂಗು ಕೇಳಿಸಿ ಮುಗಿಯಿತು. ಎದುರು ಗುಡ್ಡ ಕಪ್ಪಾಗುತ್ತಾ ಬಂತು. ಎರಡು ಸಲ ಕೂಗಿದ ಮನುಷ್ಯ ಮೂರನೆಯದಕ್ಕೆ ಮೊದಲು ಏನನ್ನು ಯೋಚಿಸುತ್ತಾನೆಂದು ನಾನು ಈಗಲೂ ಆಲೋಚಿಸುವುದುಂಟು. ಮೊದಲನೆಯ ಕೂಗನ್ನು ಯಾರೂ ಕೂಗಬಹುದು. ಎರಡನೆಯದನ್ನು ಹಟಕ್ಕಾದರೂ ಕೂಗಬಹುದು. ಮೂರನೆಯದಕ್ಕೆ ಮಾತ್ರ ಮಾನವನ್ನು ಕೆಳಗೆ ಇಟ್ಟು ಕೂಗಬೇಕು. ಅತ್ತೆಯ ಮುಖ ಸಣ್ಣಗಾಗುತ್ತಿತ್ತು. ಈಗಲೇ ಓಗೊಟ್ಟುಬಿಡಲಿ ಎಂದು ನನಗೆ ಅನ್ನಿಸಿತು. ಅವಳಿಗೂ ಅನ್ನಿಸಿದ್ದಿರಬೇಕು, ಬಾಯಿ ತೆರೆದು ಮುಚ್ಚಿದಳು.

ಆಗ ಬಂತು. ಗಂಡಸಿನದಲ್ಲ. ಹೆಣ್ಣುದನಿ, ಉದ್ದಕ್ಕೆ ಹೋಗಿ, ಮುಗಿಯಿತು ಎನ್ನುವಾಗ ಕೊಂಬೆ ಬದಲಿಸಿದ ಹಕ್ಕಿಯ ಹಾಗೆ ಒಂದು ಸಣ್ಣ ನೆಗೆತ ನೆಗೆದು ನಿಂತಿತು.

ಗೌರತ್ತೆ ಅಂಗಳದ ತುದಿಗೆ ಓಡಿದಳು. ಅವಳು ಆ ಸಂಜೆ ಹಾಕಿದ ಕೂ ಎದುರು ಗುಡ್ಡಕ್ಕೆ ತಾಗಿ, ಹಿಂದಿನ ಗುಡ್ಡಕ್ಕೆ ತಾಗಿ, ಬೊಗಸೆಯಲ್ಲಿ ನೀರು ತುಳುಕಿದ ಹಾಗೆ ಬಯಲೆಲ್ಲ ತುಳುಕಾಡಿತು. ನಮಾಜಿಗೆ ಹೊರಟು ನಿಂತಿದ್ದ ಸಾಬ್ರು ಅದು ತಮಗೇ ಎಂದು ತಿಳಿದು ಹಿಂಬಾಗಿಲಿನಿಂದ 'ಓ' ಎಂದರು. ಆ ಬಯಲಿನಲ್ಲಿ ಕೂಗಿದವರಿಗಿಂತ ಓಗೊಟ್ಟವರೇ ಹೆಚ್ಚಾದ ಸಂಜೆ ಅದೊಂದೇ ಇರಬೇಕು.

ಸ್ವಲ್ಪ ಹೊತ್ತಿನಲ್ಲಿ ಒಂದು ಲಾಟೀನು ಗದ್ದೆಗೆ ಇಳಿದು, ಅಂಚಿನ ಮೇಲೆ ಓಲಾಡುತ್ತ ನಮ್ಮ ಕಡೆ ಹತ್ತಿತು. ವಿಮಲೆ ಬಂದವಳೇ ಅತ್ತೆಯ ಸೆರಗಿನಲ್ಲಿ ಮುಖವಿಟ್ಟಳು. ಈಗ ಅವಳು ಅತ್ತೆಗಿಂತ ಉದ್ದವಿದ್ದುದರಿಂದ ಬಹಳ ಬಗ್ಗಬೇಕಾಯಿತು. ಚಿಕ್ಕಪ್ಪ ಲಾಟೀನು ಹಿಡಿದು ಅಂಗಳದಲ್ಲಿಯೇ ನಿಂತ.

'ಮೊದಲ್ನೇ ಕೂಗಿಗೇ ಓಗೊಟ್ಟಿದ್ರೆ ನಿನ್ನ ಗಂಟೆಂತ ಹೋಗ್ತಿತ್ತಕ್ಕ?'

'ಭೂತ ಅಂದ್ಕಂಡೆ.'

'ಈಗ?'

'ಈಗ್ಲೂ ಅನುಮಾನಾನೇ. ಒಳಗೆ ಬಾ, ಕಾಲು ಹಿಂದೆ ಮುಂದಾಗಿದೆಯಾ ನೋಡ್ಬೇಕು' ಎಂದು ಅತ್ತೆ ಕಾಲು ತೊಳೆಯಲು ನೀರು ತಂದು ಇಟ್ಟಳು. ಅವನು ಬಗ್ಗಿ ಬಹಳ ಹೊತ್ತು ಕಾಲು ತೊಳೆದ. ಮದುವೆಯ ಮಾತನ್ನು ಅವನು ಊಟದ ಎಲೆಯ ಮುಂದೆ ಎತ್ತಿದಾಗ ಅತ್ತೆ, 'ಕರೆದಾಯ್ತಲ್ಲ, ಇನ್ನೆಂತ' ಎಂದು ಅನ್ನ ಬಡಿಸಿದಳು. ಮದುವೆಯ ಚಪ್ಪರವನ್ನು ಬೀಗ ತೆಗೆದ ಆ ಎದುರು ಮನೆಯ ಅಂಗಳದಲ್ಲಿಯೇ ಹಾಕಿದರು. ಅತ್ತೆ ಹದಿನೈದು ದಿನ ಮೊದಲೇ ಹೋಗಿ ಕೂತಳು. ದಿನಾ ಬೆಳಗ್ಗೆ ಅಲ್ಲಿಂದ ನಮಗೆ ಕೂಗುತ್ತಿದ್ದಳು. ಹಾಲು ಕರೆದಾಯಿತೇ ಎಂದು ವಿಚಾರಿಸಲು ಎಂದು ನಾವು ಅರ್ಥ ಮಾಡಿಕೊಂಡೆವು.

ಈಗ ಕೊಪ್ಪದಲ್ಲಿ ಯಾರೂ ಕೂಗುವುದಿಲ್ಲ. ಮನೆಮನೆಗೆ ಫೋನಿನ ಅರ್ಜಿ ಬಿದ್ದಿದೆ. ಬಂದ ಮನೆಗಳಲ್ಲಿ ಅದು ಪೆಟ್ಟಿಗೆಯಲ್ಲಿ ಬೀಗದೊಳಗಿದೆ. ಕೆಳಬೀದಿಯಲ್ಲಿ ಲಾರಿಗಳು ನಿಲ್ಲುತ್ತವೆ. ಅವುಗಳ ಹಾರನ್ ಸದ್ದು ಗುಡ್ಡಕ್ಕೆ ತಾಗಿ ಬರುತ್ತದೆ, ಆದರೆ ಅದಕ್ಕೆ ಯಾರೂ ಓಗೊಡಬೇಕಾಗಿಲ್ಲ. ನಾನು ಕೆಲಸ ಸಿಕ್ಕಿ ನರಸಿಂಹರಾಜಪುರಕ್ಕೆ ಬಂದೆ. ಇಲ್ಲಿ ನನ್ನ ಬಾಡಿಗೆ ಮನೆಯ ಹಿಂದೆ ಸ್ವಲ್ಪ ನಡೆದರೆ ಭದ್ರೆಯ ಹಿನ್ನೀರು. ಬಹಳ ಚೆಂದದ ನೀರು. ಬಂದ ಹೊಸತರಲ್ಲಿ, ಯಾರೂ ಇಲ್ಲದ್ದನ್ನು ನೋಡಿಕೊಂಡು, ಒಂದು ಸಂಜೆ ಸಣ್ಣಗೆ ಕೂ ಎಂದು ನೋಡಿದೆ. ಕೂಗು ನೀರಿನ ಮೇಲೆ ನಡೆದುಕೊಂಡು ಹೋಯಿತು, ಮತ್ತೆ ಬರಲಿಲ್ಲ. ಎದುರಿಗೆ ಗುಡ್ಡವಿಲ್ಲದ ಊರಿನಲ್ಲಿ ಮನುಷ್ಯ ತನ್ನ ಕೂಗಿಗೆ ತಾನೇ ಜವಾಬ್ದಾರ.

ಆದರೂ ಸರ್ಕಾರದ ಬಗ್ಗೆ ನಾನು ಒಂದು ಒಳ್ಳೆಯ ಮಾತು ಹೇಳಲೇಬೇಕು. ನಮ್ಮ ಕಛೇರಿಗೆ ಯಾರಾದರೂ ಅರ್ಜಿ ಬರೆದರೆ ಮೊದಲ ಸಲಕ್ಕೆ ಉತ್ತರ ಹೋಗುವುದಿಲ್ಲ. ಒಂದನೆಯ ಜ್ಞಾಪನಕ್ಕೂ ಹೋಗುವುದಿಲ್ಲ. ಎರಡನೆಯ ಜ್ಞಾಪನ ಬಂದ ಮೇಲೆ, ಅಂದರೆ ಮೂರನೆಯ ಕೂಗಿಗೆ, ಕಡತ ಮೇಜಿನ ಮೇಲೆ ಬರುತ್ತದೆ. ಜನ ಇದನ್ನು ಸೋಮಾರಿತನವೆನ್ನುತ್ತಾರೆ. ಕೊಪ್ಪದವಳಾದ ನನಗೆ ಹಾಗನ್ನಲು ಮನಸ್ಸು ಬಾರದು. ಕಛೇರಿಯೂ ಕತ್ತಲಲ್ಲಿ ಕೂತು, ಕೂಗುತ್ತಿರುವುದು ನಿಜವಾದ ಮನುಷ್ಯನೇ ಹೌದೋ ಅಲ್ಲವೋ ಎಂದು ಪರಿಶೀಲಿಸುತ್ತಿದೆ.

ಗೌರತ್ತೆ ಈಗಿಲ್ಲ. ಕೊನೆಕೊನೆಗೆ ಅವಳಿಗೆ ಕಿವಿ ಪೂರ್ತಿ ಹೋಗಿತ್ತು. ಹತ್ತಿರ ಕೂತು ಕೂಗಿದರೂ ಕೇಳಿಸುತ್ತಿರಲಿಲ್ಲ. ರಜೆಯಲ್ಲಿ ಊರಿಗೆ ಹೋಗಿದ್ದಾಗ ನೋಡಿದೆ: ಸಂಜೆ ದೀಪವಿಟ್ಟ ಮೇಲೆ ಅವಳು ಅಂಗಳದ ತುದಿಗೆ ಹೋಗಿ, ಸ್ವಲ್ಪ ಹೊತ್ತು ನಿಂತು, ಎದುರು ಗುಡ್ಡದ ಕಡೆ ಒಂದು ಉದ್ದನೆಯ ಮರುಕೂಗು ಹಾಕಿದಳು. ಆ ಮನೆಗೆ ಮತ್ತೆ ಬೀಗ ಬಿದ್ದು ಬಹಳ ಕಾಲವಾಗಿತ್ತು. ವಿಮಲೆ ಶೃಂಗೇರಿಯ ಕಡೆ ಅಡ್ಡಗದ್ದೆಯಲ್ಲಿ ಸಂಸಾರ ಹೂಡಿದ್ದಳು. ಚಿಕ್ಕಪ್ಪ ಅವಳ ಜೊತೆಗಿದ್ದ. ನಾನು ಅತ್ತೆಯ ಮುಂದೆ ಬಂದು, ಕೈಸನ್ನೆಯಲ್ಲಿ, ಯಾರು ಕೂಗಿದರೆಂದು ಕೇಳಿದೆ.

'ನಂಗೆ ಕೇಳ್ಸಲ್ವಲ್ಲ ಮಾರಾಯ್ತಿ' ಎಂದಳು. 'ಯಾರಾದ್ರೂ ಕೂಗಿದ್ರೂ ಕೂಗಿರ್ತಾರೆ. ಓಗೊಡ್ದಿದ್ರೆ ಬೇಜಾರು ಮಾಡ್ಕಣ್ತಾರೆ.'

ಮೂರು ಸಲ ಕೂಗಿಸಿಕೊಳ್ಳದೆ ಯಾರಿಗೂ ಓಗೊಡದವಳು, ಕೊನೆಗೆ ಯಾರೂ ಕೂಗದಿದ್ದರೂ ಓಗೊಡುವಲ್ಲಿಗೆ ಬಂದಿದ್ದಳು. ನಾನು ಇನ್ನೂ ಮೊದಲನೆಯ ಪಾಠದಲ್ಲಿಯೇ ಇದ್ದೇನೆ.

ಈ ಬರಹ ನನ್ನ ಮೊದಲನೆಯ ಕೂಗು. ನಮ್ಮ ಕಡೆಯ ನಿಯಮದ ಪ್ರಕಾರ ಇದಕ್ಕೆ ಓಗೊಡಬೇಕಾದ ಯಾವ ಬಾಧ್ಯತೆಯೂ ತಮಗಿಲ್ಲ. ಆದರೆ ಇದರಲ್ಲಿ ತಪ್ಪುಗಳಿರುವುದು ನಿಶ್ಚಯ. ಕಂಡಲ್ಲಿ ತಾವೇ ತಿದ್ದಿ ಓದಿಕೊಳ್ಳಬೇಕಾಗಿಯೂ, ಸಾಧ್ಯವಾದಲ್ಲಿ ನನಗೂ ತಿಳಿಸಬೇಕಾಗಿಯೂ ವಿನಯಪೂರ್ವಕವಾಗಿ ಕೋರುತ್ತೇನೆ. ತಿಳಿಸಲು ಕೂಗುವಾಗ ಸಂಜೆಯಾಗಿದ್ದು, ನಾನು ಕೂಡಲೇ ಮಾತಾಡದಿದ್ದಲ್ಲಿ, ಅಹಂಕಾರವೆಂದು ಭಾವಿಸದೆ ಇನ್ನೆರಡು ಸಲ ಕೂಗುವ ಕೃಪೆ ಮಾಡಬೇಕು. ಕೇಳಿಸಿಕೊಂಡೇ ಇರುತ್ತೇನೆ.

ತಮ್ಮ ವಿಧೇಯಳು.